ಐವತ್ತರಲ್ಲೊಂದು ಪಾಲು

ಅರುವತ್ತು ದಾಟಿದ ಮನುಷ್ಯ ಆಟಿಕೆಗಳ ನಡುವೆ ಕುಳಿತು ಕಾಲ ಕಳೆಯುವುದನ್ನು ಕಂಡರೆ ನಮ್ಮ ಕಡೆ ಯಾರೂ ಎದುರಿಗೆ ನಗುವುದಿಲ್ಲ. ಅಂಗಳ ದಾಟಿದ ಮೇಲೆ ನಗುತ್ತಾರೆ. ಆ ನಗುವಿನ ಬಗ್ಗೆ ನನಗೆ ದೂರಿಲ್ಲ. ನಮ್ಮ ಚಾವಡಿಯ ಗೋಡೆಗೆ ತಾಗಿ ನಿಂತಿರುವ ಗಾಜಿನ ಕಪಾಟಿನಲ್ಲಿ ಪುಸ್ತಕಗಳಿಲ್ಲ, ಸನ್ಮಾನದ ಫಲಕಗಳಿಲ್ಲ. ಅಲ್ಲಿರುವುದು ಕ್ರೇನುಗಳು. ಕಟ್ಟಡ ಏಳುವಲ್ಲಿ, ಬಂದರಿನಲ್ಲಿ, ಸೇತುವೆಯ ಬುಡದಲ್ಲಿ ನಾವೆಲ್ಲ ಕಂಡಿರುವ ಕ್ರೇನುಗಳ ಮಾದರಿಗಳು, ಒಟ್ಟು ಇಪ್ಪತ್ತಮೂರು. ಒಂಬತ್ತು ಕೊಂಡವು ಅಥವಾ ಬೇಡಿ ತಂದವು. ಉಳಿದ ಹದಿನಾಲ್ಕು ನನ್ನ ಕೈಯಿಂದಲೇ ಆದವು. ಎಲ್ಲದರ ಅಳತೆಯೂ ಒಂದೇ: ಐವತ್ತರಲ್ಲಿ ಒಂದು. ನಿಜದ ಐವತ್ತು ಮೀಟರ್ ಇಲ್ಲಿ ಒಂದು ಮೀಟರ್.

ಈ ಹುಚ್ಚು ಹಿಡಿದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಬಂದು ಮನೆಯ ಆದಾಯ ಇಳಿದಾಗ, 1983ರಲ್ಲಿ, ಮೂರನೆಯ ಮಗನಾದ ನಾನು ಬೊಂಬಾಯಿಯ ಮೂಲಕ ಗಲ್ಫಿಗೆ ಹೋದೆ. ಹೋದದ್ದು ಹೆಲ್ಪರ್ ಆಗಿ. ನಾಲ್ಕು ವರ್ಷದಲ್ಲಿ ರಿಗ್ಗರ್ ಆದೆ, ಅಂದರೆ ಎತ್ತಬೇಕಾದ ಭಾರಕ್ಕೆ ಸ್ಲಿಂಗ್ ಕಟ್ಟಿ ಕೊಕ್ಕೆಗೆ ಸಿಕ್ಕಿಸುವವನು. ಬಳಿಕ ಸಿಗ್ನಲ್‌ಮ್ಯಾನ್ ಆದೆ. ಮೇಲೆ ಕ್ಯಾಬಿನಿನಲ್ಲಿ ಕುಳಿತ ಆಪರೇಟರಿಗೆ ಕೆಳಗಿನದೆಲ್ಲ ಕಾಣುವುದಿಲ್ಲ. ಅವನ ಕಣ್ಣಾಗಿ ಕೆಳಗೆ ನಿಂತು ಕೈಸನ್ನೆಯಿಂದ ಎತ್ತು, ಇಳಿಸು, ತಿರುಗಿಸು, ನಿಲ್ಲಿಸು ಎಂದು ಹೇಳುವ ಕೆಲಸ ಅದು. ಯಂತ್ರ ಮಾರುವ ಕಂಪೆನಿಗಳು ದೊಡ್ಡ ಗಿರಾಕಿಗಳಿಗೆ ತಮ್ಮ ಯಂತ್ರದ್ದೇ ಪುಟ್ಟ ಲೋಹದ ಮಾದರಿಯನ್ನು ಉಡುಗೊರೆ ಕೊಡುವ ವಾಡಿಕೆಯುಂಟು. ಜರ್ಮನಿಯ ನ್ಯೂರೆಂಬರ್ಗ್ ಪ್ರದೇಶದ ಕಾರ್ಖಾನೆಗಳು ಇಂಥ ಮಾದರಿಗಳಿಗೆ ಹೆಸರಾದವು. ನಮ್ಮ ಇಂಜಿನಿಯರರ ಮೇಜಿನ ಮೇಲೆ ಅಂಥದೊಂದಿತ್ತು. ಅದು ಬಿದ್ದು ಚಕ್ರ ಮುರಿದಾಗ ಅವರು ಕಸದ ಬುಟ್ಟಿಗೆ ಹಾಕಿದರು, ನಾನು ಎತ್ತಿಕೊಂಡೆ. ಆ ರಾತ್ರಿ ಕ್ಯಾಂಪಿನ ಮಂಚದ ಮೇಲೆ ಕುಳಿತು ಮುರಿದ ಚಕ್ರದ ಬದಲಿಗೆ ಅಂಗಿಯ ಗುಂಡಿಯೊಂದನ್ನು ಕೂಡಿಸಿದೆ. ಹಗಲಿಡೀ ಕತ್ತೆತ್ತಿ ನೋಡುತ್ತಿದ್ದ ಯಂತ್ರವನ್ನು ಮೊದಲ ಬಾರಿಗೆ ಕತ್ತು ಬಗ್ಗಿಸಿ ನೋಡಿದ್ದು ಆ ರಾತ್ರಿ. ಆ ಸುಖವನ್ನು ಹೇಳಿ ಮುಗಿಸಲಾರೆ.

ಈ ಸುಖ ನನಗೊಬ್ಬನಿಗೇ ಸಿಕ್ಕಿದ್ದೇನಲ್ಲ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಲೆಕ್ಕ ಬರೆಯುವ ನೌಕರನಾಗಿದ್ದ ಫ್ರಾಂಕ್ ಹಾರ್ನ್‌ಬಿ ತನ್ನ ಮಕ್ಕಳಿಗಾಗಿ ತಗಡಿನ ಪಟ್ಟಿಗಳಿಗೆ ಅರ್ಧರ್ಧ ಇಂಚಿಗೆ ತೂತು ಕೊರೆದು, ನಟ್ಟು ಬೋಲ್ಟು ಹಾಕಿ ಜೋಡಿಸುವ ಆಟಿಕೆ ಮಾಡಿ 1901ರಲ್ಲಿ ಪೇಟೆಂಟ್ ಪಡೆದ. ಆಮೇಲೆ ‘ಮೆಕ್ಯಾನೊ’ ಎಂದು ಲೋಕವಿಖ್ಯಾತವಾದದ್ದು ಅದೇ. ಅದರಿಂದ ಅವನು ಮಕ್ಕಳಿಗಾಗಿ ಕಟ್ಟಿದ ಮೊದಮೊದಲ ವಸ್ತುಗಳಲ್ಲಿ ಕ್ರೇನು ಒಂದು. ಹಡಗುಕಟ್ಟೆಯ ಊರಿನ ಮಕ್ಕಳಿಗೆ ಇನ್ನೇನು ಬೇಕು!

2004ರಲ್ಲಿ ಊರಿಗೆ ಮರಳಿದ ಮೇಲೆ ನಾನೇ ಮಾಡತೊಡಗಿದೆ. ಹರಿದ ಕೊಡೆಯ ಕಡ್ಡಿ, ಸೈಕಲಿನ ಕಡ್ಡಿ, ಹಿತ್ತಾಳೆಯ ತಂತಿ, ಡಬ್ಬದ ತಗಡು, ಹದವಾಗಿ ಸೀಳಿದ ಅಡಿಕೆ ಮರದ ಸಲಾಕೆ, ಗಾಳದ ನೂಲು, ರಾಟೆಗೆ ಅಂಗಿಯ ಗುಂಡಿ, ಬೇಕಾದದ್ದು ಇಷ್ಟೆ. ಕಷ್ಟವಿರುವುದು ಬೂಮಿನಲ್ಲಿ, ಅಂದರೆ ಕ್ರೇನಿನ ಉದ್ದದ ತೋಳಿನಲ್ಲಿ. ಜಾಲರಿಯ ತೋಳಾದರೆ ನಾಲ್ಕು ಮೂಲೆಗೆ ನಾಲ್ಕು ಉದ್ದ ಸರಳು, ನಡುವೆ ಅಡ್ಡಡ್ಡ ಓರೆಕಡ್ಡಿಗಳು. ಒಂದು ಓರೆಕಡ್ಡಿ ತಪ್ಪಿದರೂ ನನಗೆ ನಿದ್ದೆ ಬಾರದು. ಹದಿನಾಲ್ಕನೆಯ ಮಾದರಿಯ ತೋಳಿಗೆ ಮುನ್ನೂರ ಹನ್ನೆರಡು ಕಡ್ಡಿ ಬೆಸುಗೆ ಹಾಕಿದ್ದೇನೆ. ಏಣಿಯ ಮೆಟ್ಟಿಲು, ಕ್ಯಾಬಿನಿನ ಕನ್ನಡಿ, ಕೊಕ್ಕೆಯ ಬಾಯಿಗೆ ಇರುವ ಸಣ್ಣ ಚಿಲಕ, ಒಂದನ್ನೂ ಬಿಟ್ಟಿಲ್ಲ. ಬಿಟ್ಟಿಲ್ಲ ಎಂದು ನಾನು ತಿಳಿದಿದ್ದೆ.

ಈಗ ನನಗೆ ನಾಚಿಕೆ ತಂದ ಒಂದು ಸಂಗತಿ. 2023ರ ಆಗಸ್ಟ್ 1ರ ಬೆಳಗ್ಗೆ ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಶಹಾಪುರದ ಬಳಿಯಿಂದ ಸುದ್ದಿ ಬಂತು. ಸಮೃದ್ಧಿ ಹೆದ್ದಾರಿಯ ಸೇತುವೆಗೆ ತೊಲೆ ಕೂಡಿಸುವ ದೈತ್ಯ ಯಂತ್ರ ರಾತ್ರಿಯ ಕೆಲಸದಲ್ಲಿ ಕುಸಿದು ಇಪ್ಪತ್ತು ಮಂದಿ ಸತ್ತಿದ್ದರು. ಟೀವಿಯ ಎದುರು ಕುಳಿತು ನಾನು ಕಣ್ಣು ಕಿರಿದು ಮಾಡಿ ನೋಡಿದ್ದು ಏನನ್ನು? ಆ ಯಂತ್ರದ ಕಾಲುಗಳ ಜೋಡಣೆ ಹೇಗಿತ್ತು ಎಂಬುದನ್ನು. ಕಣ್ಣು ಸತ್ತವರ ಸಂಖ್ಯೆಗೆ ಹೋದದ್ದು ಆಮೇಲೆ. ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ಮಾತಾಡದೆ ಎದ್ದು ಒಳಗೆ ಹೋದಳು. ಯಾವುದನ್ನಾದರೂ ಬಹಳ ಸೂಕ್ಷ್ಮವಾಗಿ ನೋಡಲು ಕಲಿತವನು ಅದರ ಪಕ್ಕದಲ್ಲಿರುವುದನ್ನು ನೋಡದಿರಲೂ ಅಷ್ಟೇ ಚೆನ್ನಾಗಿ ಕಲಿತಿರುತ್ತಾನೆಯೆ? ಪ್ರಶ್ನೆ ಅಂದು ಮನಸ್ಸಿಗೆ ಬಂತು. ಬಂದದ್ದನ್ನು ಬದಿಗಿಟ್ಟು ಮತ್ತೆ ಬೆಸುಗೆ ಕಡ್ಡಿ ಹಿಡಿದೆ.

ಅದನ್ನು ಬದಿಗಿಡಲು ಬಿಡದೆ ಹೋದವನು ನನ್ನ ಹಳೆಯ ಗೆಳೆಯ. ಬೇಪೂರಿನ ಮಾಪ್ಪಿಳ, ನನಗಿಂತ ಆರು ವರ್ಷಕ್ಕೆ ಹಿರಿಯ. ನಾನು ‘ಇಕ್ಕ’ ಎಂದೇ ಕರೆಯುವುದು. ಗಲ್ಫಿನಲ್ಲಿ ನಾನು ಕೆಳಗೆ ನಿಂತು ಸನ್ನೆ ಮಾಡುತ್ತಿದ್ದಾಗ ಮೇಲೆ ಕ್ಯಾಬಿನಿನಲ್ಲಿ ಇದ್ದವನು ಅವನೇ. ಮಗಳನ್ನು ಉಪ್ಪಳಕ್ಕೆ ಕೊಟ್ಟಿದ್ದಾನೆ. ಕಳೆದ ಮಳೆಗಾಲ ಮಗಳ ಮನೆಗೆ ಬಂದವನು ನಮ್ಮಲ್ಲಿಗೂ ಬಂದ. ಚಹಾ ಕುಡಿಯುತ್ತಾ ಕಪಾಟನ್ನು ನೋಡಿದ. ಬಹಳ ಹೊತ್ತು ನೋಡಿದ. ನಾವು ಕೆಲಸ ಮಾಡಿದ್ದ ಕ್ರೇನಿನದೇ ಮಾದರಿಯ ಎದುರು ಬಗ್ಗಿ, ಕ್ಯಾಬಿನಿನ ಒಳಗೆ ಇಣುಕಿ, ಕೇಳಿದ:

“ಎಡೋ, ಇದಿಲ್ ಆಳೆವಿಡೆ?”

ಇದರಲ್ಲಿ ಆಳೆಲ್ಲಿ? ಈ ಪತ್ರಿಕೆಯ ಓದುಗರಿಗೆ ಭಾಷಾಂತರ ಬೇಕಾಗದು. ಆದರೆ ಆ ಶಬ್ದದ ಮೇಲೆ ಒಂದು ಕ್ಷಣ ನಿಲ್ಲಬೇಕು. ಮಲಯಾಳದಲ್ಲಿ ಆಳ್ ಎಂದರೆ ಮನುಷ್ಯ. ‘ಎತ್ರ ಆಳ್’ ಎಂದರೆ ಎಷ್ಟು ಜನ ಎಂದು. ಕನ್ನಡದ ನಮ್ಮ ಮನೆಗಳಲ್ಲಿ ಆಳು ಎಂದರೆ ಕೂಲಿಗೆ ಬಂದವನು; ‘ಇವತ್ತು ತೋಟಕ್ಕೆ ನಾಲ್ಕು ಆಳು’. ಶಬ್ದ ಒಂದೇ. ಚಂದ್ರಗಿರಿಯ ಆಚೆಗೂ ಈಚೆಗೂ ನಡೆದಾಡುವಾಗ ಮನುಷ್ಯ ಕೂಲಿಯವನಾಗುತ್ತಾನೆ, ಕೂಲಿಯವನು ಮನುಷ್ಯನಾಗುತ್ತಾನೆ. ಹಾಗೆಂದು ಕನ್ನಡವೂ ಪೂರ್ತಿ ಮರೆತಿಲ್ಲ. ಬಾವಿಯ ನೀರು ‘ಎರಡಾಳು ಆಳ’, ಗೋಡೆ ‘ಆಳೆತ್ತರ’ ಎನ್ನುವಾಗ ಮನುಷ್ಯನನ್ನೇ ಅಳತೆಗೋಲಾಗಿ ಹಿಡಿಯುತ್ತೇವೆ. ನನ್ನ ಕಪಾಟಿನ ಇಪ್ಪತ್ತಮೂರು ಯಂತ್ರಗಳಲ್ಲಿ ಅಳತೆಯೊಂದೇ ಇತ್ತು, ಆ ಅಳತೆಗೋಲು ಇರಲಿಲ್ಲ. ಎಲ್ಲ ಕ್ಯಾಬಿನುಗಳೂ ಖಾಲಿ. ಕೊಕ್ಕೆಯ ಕೆಳಗೆ ಯಾರೂ ಇಲ್ಲ.

“ಗೊಂಬೆ ಕೂರಿಸಿದರೆ ಚೆಂದ ಕೆಡುತ್ತದೆ ಇಕ್ಕ” ಎಂದೆ. ನಾನು ಹೇಳಿದ್ದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು.

1992ರ ಚಳಿಗಾಲದ ಒಂದು ಮಧ್ಯಾಹ್ನ. ಕಟ್ಟಡದ ಆರನೆಯ ಮಾಳಿಗೆಗೆ ಸಾರಕಟ್ಟುವ ಉಕ್ಕಿನ ಪೈಪುಗಳ ಕಟ್ಟೊಂದು ಹೋಗಬೇಕಿತ್ತು. ನಲುವತ್ತು ಪೈಪು, ಸುಮಾರು ಒಂದು ಟನ್. ಎತ್ತಲು ಸನ್ನೆ ಕೊಟ್ಟವನು ನಾನು. ಕಟ್ಟು ಮೇಲೇರುತ್ತಿದ್ದಾಗ ಕರೀಂನಗರದ ಕಡೆಯ ಒಬ್ಬ ಹುಡುಗ, ಇಪ್ಪತ್ತೆರಡರ ಪ್ರಾಯ, ಆಚೆ ನೆರಳಿನಲ್ಲಿಟ್ಟಿದ್ದ ತನ್ನ ನೀರಿನ ಕ್ಯಾನಿಗಾಗಿ ಭಾರದ ಕೆಳಗಿನಿಂದಲೇ ಹೊರಟ. ನಾನು ನೋಡಿದೆ. ಎರಡೂ ಕೈ ಅಗಲಿಸಿದರೆ ಸಾಕು; ಅದು ತುರ್ತಾಗಿ ನಿಲ್ಲಿಸೆಂಬ ಸನ್ನೆ, ಇಕ್ಕ ನಿಲ್ಲಿಸಿಬಿಡುತ್ತಿದ್ದ. ಇನ್ನು ನಾಲ್ಕು ಹೆಜ್ಜೆ, ಅಷ್ಟರಲ್ಲಿ ದಾಟಿಬಿಡುತ್ತಾನೆ ಎಂದುಕೊಂಡೆ. ಕೈ ಕೆಳಗೇ ಇತ್ತು. ಕಟ್ಟು ವಾಲಿತು, ಸ್ಲಿಂಗ್ ಸಡಿಲಾಯಿತು, ಒಂದು ಪೈಪು ಜಾರಿ ಬಂತು. ಹುಡುಗ ಬದುಕಿದ. ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ಎರಡು ತಿಂಗಳ ಬಳಿಕ ಊರುಗೋಲಿನೊಡನೆ ವಿಮಾನ ಹತ್ತಿದ. ಮತ್ತೆ ಅವನನ್ನು ನಾನು ನೋಡಿಲ್ಲ.

ವಿಚಾರಣೆ ನಡೆಯಿತು. ಆಪರೇಟರ್ ಹೇಳಿದ, ನಿಲ್ಲಿಸೆಂಬ ಸನ್ನೆ ಬರಲಿಲ್ಲ. ಕಟ್ಟು ಕಟ್ಟಿದವನು ಹೇಳಿದ, ಸ್ಲಿಂಗ್ ಹಳೆಯದು. ಸ್ಟೋರಿನವನು ಹೇಳಿದ, ಹೊಸತಕ್ಕೆ ಬರೆದು ಕೇಳಿದ್ದೆ. ಸೂಪರ್‌ವೈಸರ್ ಹೇಳಿದ, ಕೆಲಸದ ಅವಸರ ಮೇಲಿನಿಂದ ಬಂದದ್ದು. ಮೇಲಿನವರು ಹೇಳಿದರು, ಭಾರದ ಕೆಳಗೆ ನಡೆಯಬಾರದೆಂದು ಬೋರ್ಡು ಹಾಕಿದೆ. ಎಲ್ಲರ ಮಾತೂ ನಿಜವೇ. ತಪ್ಪು ಹೀಗೆ ಪಾಲಾಯಿತು. ನನ್ನ ಪಾಲಿಗೆ ಬಂದದ್ದು ಮೂರು ದಿನದ ಸಂಬಳದ ಕಡಿತ. ಎಲ್ಲ ಪಾಲುಗಳನ್ನೂ ಕೂಡಿಸಿದರೆ ಒಂದು ಕಾಲಿನಷ್ಟಾಗಬೇಕಿತ್ತಲ್ಲ? ಆಗಲಿಲ್ಲ. ಲೆಕ್ಕದಲ್ಲಿ ಎಲ್ಲೋ ಸೋರಿಕೆಯಿತ್ತು.

ಆ ಸೋರಿಕೆ ಎಲ್ಲಿ ಎಂಬುದನ್ನು ನನ್ನ ಹವ್ಯಾಸವೇ ಕೊಂಚ ಮಟ್ಟಿಗೆ ತೋರಿಸಿಕೊಟ್ಟಿತು. ಯಾವುದೇ ವಸ್ತುವಿನ ಉದ್ದ, ಅಗಲ, ಎತ್ತರ ಮೂರನ್ನೂ ಐವತ್ತರಲ್ಲಿ ಒಂದಾಗಿಸಿದರೆ ತೂಕ ಐವತ್ತರಲ್ಲಿ ಒಂದಾಗುವುದಿಲ್ಲ. ಐವತ್ತನ್ನು ಮೂರು ಬಾರಿ ಗುಣಿಸಬೇಕು, ಅಂದರೆ 1,25,000ರಲ್ಲಿ ಒಂದಾಗುತ್ತದೆ. ನೂರು ಟನ್ನಿನ ಯಂತ್ರ ಎಂಟು ನೂರು ಗ್ರಾಮ್. ಒಂದು ಟನ್ನಿನ ಪೈಪಿನ ಕಟ್ಟು ಎಂಟು ಗ್ರಾಮ್. ಅರುವತ್ತು ಕಿಲೋ ತೂಗುವ ಮನುಷ್ಯ ಅರ್ಧ ಗ್ರಾಮಿಗಿಂತಲೂ ಕಡಿಮೆ. ಆದರೆ ಕಡ್ಡಿಯ ಬಲ ಅದರ ದಪ್ಪವನ್ನು, ಅಂದರೆ ಎರಡು ಅಳತೆಗಳನ್ನಷ್ಟೇ ಅವಲಂಬಿಸುವುದರಿಂದ 2,500ರಲ್ಲಿ ಒಂದಕ್ಕೇ ನಿಲ್ಲುತ್ತದೆ. ಆದುದರಿಂದಲೇ ಮಾದರಿಗಳು ಮುರಿಯುವುದಿಲ್ಲ. ಚಿಕ್ಕದಾದಂತೆ ತನ್ನ ಭಾರಕ್ಕೆ ಹೋಲಿಸಿದರೆ ಬಲ ಹೆಚ್ಚು. ಗೆಲಿಲಿಯೊ 1638ರಲ್ಲಿ ಹೊರತಂದ ತನ್ನ ಕೊನೆಯ ದೊಡ್ಡ ಗ್ರಂಥವನ್ನು ಆರಂಭಿಸುವುದು ಈ ಮಾತಿನಿಂದಲೇ. ವೆನಿಸ್ಸಿನ ಹಡಗುಕಟ್ಟೆಯ ಕುಶಲಕರ್ಮಿಗಳನ್ನು ನೆನೆದುಕೊಂಡು, ಚಿಕ್ಕ ಯಂತ್ರ ನಿಂತಿತೆಂದು ಅದೇ ಪ್ರಮಾಣದ ದೊಡ್ಡ ಯಂತ್ರವೂ ನಿಲ್ಲುವುದೆಂದು ನಂಬಬೇಡಿ ಎಂದು ಅಲ್ಲಿ ವಾದಿಸುತ್ತಾನೆ.

ವಿಚಾರಣೆಯ ಕಾಗದ ಮಾಡಿದ್ದೂ ಇದನ್ನೇ. ತಪ್ಪನ್ನು ಚಿಕ್ಕದಾಗಿಸಿತು. ಐದು ಜನರಿಗೆ ಹಂಚಿದಾಗ ಪ್ರತಿಯೊಬ್ಬನಿಗೂ ಐದರಲ್ಲೊಂದು ಸಿಗಬೇಕಿತ್ತು. ಸಿಕ್ಕಿದ್ದು ತಕ್ಕಡಿಯ ಮುಳ್ಳೂ ಕದಲದಷ್ಟು. ಆಕಾರವೆಲ್ಲ ಇದ್ದು ಭಾರವೇ ಇಲ್ಲದ ಮಾದರಿಯೊಂದನ್ನು ನಾವು ಐವರೂ ಕೈಯಲ್ಲಿ ಹಿಡಿದು ಮನೆಗೆ ಹೋದೆವು. ಹನ್ನೆರಡು ವರ್ಷದ ಬಳಿಕ ಊರಿಗೆ ಬಂದು ನಾನು ಆ ಕ್ರೇನನ್ನೇ, ಏಣಿಯ ಒಂದೊಂದು ಮೆಟ್ಟಿಲನ್ನೂ ಲೆಕ್ಕ ಹಾಕಿ, ಆಳೊಂದನ್ನು ಬಿಟ್ಟು ಕಟ್ಟಿದ್ದೇಕೆಂದು ಓದುಗರಿಗೆ ಈಗ ತಿಳಿದಿರಬಹುದು. ನನಗೆ ತಿಳಿದದ್ದು ಇಕ್ಕ ಕೇಳಿದಾಗ.

ಹಾಗಾದರೆ ಚಿಕ್ಕದು ಮಾಡುವುದೇ ತಪ್ಪೆ? ಅಲ್ಲವೆಂದು ತೋರುತ್ತದೆ. ಉಜಿರೆಯ ಬಳಿ ಸುರ್ಯ ಎಂಬಲ್ಲಿ ಸದಾಶಿವ ರುದ್ರನ ದೇವಸ್ಥಾನವಿದೆ. ಅಲ್ಲಿನ ಹರಕೆ ಮಣ್ಣಿನ ಗೊಂಬೆ. ಮನೆ ಬೇಕೆಂದವರು ಮಣ್ಣಿನ ಪುಟ್ಟ ಮನೆ, ಮಗು ಬೇಕೆಂದವರು ಮಣ್ಣಿನ ತೊಟ್ಟಿಲು, ಕಾಲುನೋವಿನವರು ಮಣ್ಣಿನ ಕಾಲು ಒಪ್ಪಿಸುತ್ತಾರೆ. ಹರಕೆ ಬನದಲ್ಲಿ ಅವು ರಾಶಿ ಬಿದ್ದು ಮಳೆಗೆ ನೆನೆಯುವುದನ್ನು ಕಂಡಿದ್ದೇನೆ. ಒಂದು ಹಿಡಿ ಮಣ್ಣಿನ ಆ ತೊಟ್ಟಿಲು ಕೃತಜ್ಞತೆಯ ಐವತ್ತರಲ್ಲೊಂದು ಪಾಲು ಎಂದು ಯಾರಾದರೂ ಹೇಳಿಯಾರೆ? ಅದು ಇಡೀ ಋಣ. ಉದ್ದವನ್ನು ಚಿಕ್ಕದಾಗಿಸಬಹುದು, ತೂಕವನ್ನು ಇನ್ನೂ ಚಿಕ್ಕದಾಗಿಸಬಹುದು, ಋಣವನ್ನು ಆಗದು. ಮಾದರಿ ಸುಳ್ಳಾಗುವುದು ಚಿಕ್ಕದಾದದ್ದರಿಂದಲ್ಲ; ಯಾವುದಕ್ಕಾಗಿ ಮಾಡಿದೆವೋ ಅದನ್ನೇ ಬಿಟ್ಟದ್ದರಿಂದ.

ಆ ದಿನದ ಮಾತು ಅಷ್ಟಕ್ಕೆ ಮುಗಿಯಲಿಲ್ಲ. ಇಕ್ಕ ಕಪಾಟಿನಿಂದ ಆ ಕ್ರೇನನ್ನು ಹೊರಗೆ ತೆಗೆಸಿದ. ಕೊಕ್ಕೆಯ ನೂಲು ಒಂದು ರಾಟೆಯಿಂದ ಜಾರಿ ಹೋಗಿತ್ತು. ಅವನ ಬಾಪ್ಪ ಬೇಪೂರಿನ ಖಲಾಸಿ. ಖಲಾಸಿಗಳೆಂದರೆ ಉರು ಕಟ್ಟಿ ನೀರಿಗಿಳಿಸುವವರು. ಹಗ್ಗ, ಕಪ್ಪಿ ಮತ್ತು ಹಾಡು, ಇವಿಷ್ಟರಿಂದ ಬೆಟ್ಟದಂಥ ಭಾರ ಎಳೆಯುವವರು. 1988ರ ಜುಲೈ 8ರಂದು ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುತ್ತಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಹಿನ್ನೀರಿಗೆ ಬಿದ್ದು 105 ಮಂದಿ ಸತ್ತಾಗ, ಮುಳುಗಿದ ಬೋಗಿಗಳನ್ನು ಮೇಲೆತ್ತಲು ಬಂದವರು ಇದೇ ಮಾಪ್ಪಿಳ ಖಲಾಸಿಗಳು. ಆ ಮನೆಯ ಮಗ ನನ್ನ ಅಂಗಿ ಗುಂಡಿಯ ರಾಟೆಗಳಿಗೆ ಗಾಳದ ನೂಲನ್ನು ಮತ್ತೆ ಪೋಣಿಸತೊಡಗಿದ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಕೊಕ್ಕೆಯನ್ನು ನಾಲ್ಕು ಎಳೆ ಹಿಡಿದವು.

“ಅವನ ಹೆಸರು ನೆನಪಿದೆಯೋ?” ಎಂದು ತಲೆ ಎತ್ತದೆ ಕೇಳಿದ.

ನೆನಪಿತ್ತು. ಹೇಳಿದೆ. ಮೂವತ್ತು ವರ್ಷಕ್ಕೂ ಮೇಲೆ ನಮ್ಮಿಬ್ಬರ ನಡುವೆ ಬಾರದ ಹೆಸರು. ಅದನ್ನು ಇಲ್ಲಿ ಅಚ್ಚು ಹಾಕಿಸುವ ಹಕ್ಕು ನನಗಿಲ್ಲ.

“ಪಾಲು ಹಾಕಿದರೆ ನನ್ನದೇ ಹೆಚ್ಚು. ಲಿವರ್ ನನ್ನ ಕೈಯಲ್ಲಿತ್ತು” ಎಂದ.

“ಇಲ್ಲ ಇಕ್ಕ. ನಾನು ನೋಡಿದ್ದೆ.”

ಇಷ್ಟು ಕಾಲ ಅವನೊಬ್ಬನೇ ಹೊತ್ತಿದ್ದ, ನಾನೊಬ್ಬನೇ ಹೊತ್ತಿದ್ದೆ. ಹಂಚಿಕೊಂಡಿದ್ದರೂ ಯಾರ ಹೊರೆಯೂ ಇಳಿದಿರಲಿಲ್ಲ. ಆಗ ಅವನ ಬೆರಳುಗಳ ನಡುವಿನ ನೂಲನ್ನು ನೋಡಿದೆ. ನಾಲ್ಕು ಎಳೆಗಳಲ್ಲಿ ಒಂದೊಂದಕ್ಕೂ ಭಾರದ ಕಾಲು ಪಾಲು ಮಾತ್ರ ಬೀಳುತ್ತದೆ. ಎತ್ತುವ ವಿದ್ಯೆಯೆಲ್ಲ ಇರುವುದು ಅದರಲ್ಲೇ. ಆದರೆ ಅವು ನಾಲ್ಕು ಹಗ್ಗಗಳಲ್ಲ. ಒಂದೇ ಹಗ್ಗ ನಾಲ್ಕು ಬಾರಿ ಹಾದು ಬಂದದ್ದು. ಯಾವ ಎಳೆಯನ್ನು ಕತ್ತರಿಸಿದರೂ ಕಾಲು ಪಾಲು ಬೀಳುವುದಿಲ್ಲ; ಇಡೀ ಭಾರವೇ ಬೀಳುತ್ತದೆ. ಇಪ್ಪತ್ತು ವರ್ಷ ಆ ಕೆಲಸ ಮಾಡಿದವನು ನಾನು. ಹಗ್ಗ ಒಂದೇ ಎಂದು ಗೊತ್ತಿಲ್ಲದಿರಲಿಲ್ಲ. ಆದರೂ ಆ ದಿನವೇ ತಿಳಿಯಿತು.

ಇದಕ್ಕೆ ಎರಡು ಆಕ್ಷೇಪಗಳುಂಟು. ಪಾಲು ಹಾಕದಿದ್ದರೆ ನ್ಯಾಯ ನಡೆಯುವುದು ಹೇಗೆ ಎಂಬುದು ಒಂದು. ಸರಿಯೇ, ಪರಿಹಾರದ ಹಣಕ್ಕೆ ಪಾಲು ಬೇಕು, ಯಾರು ಎಷ್ಟು ಕೊಡಬೇಕೆಂದು ನಿಶ್ಚಯವಾಗದಿದ್ದರೆ ಬಡವನ ಕೈಗೆ ಏನೂ ಬಾರದು. ಕಚೇರಿ ಪಾಲು ಹಾಕಲಿ. ಆದರೆ ಕಚೇರಿ ಕೊಟ್ಟ ಪಾಲನ್ನು ಮನಸ್ಸಾಕ್ಷಿಗೆ ರಶೀದಿಯಾಗಿ ತೋರಿಸುವಂತಿಲ್ಲ. ಪ್ರತಿಯೊಬ್ಬನೂ ಇಡೀ ಭಾರ ಹೊತ್ತರೆ ಬದುಕುವುದು ಹೇಗೆ ಎಂಬುದು ಇನ್ನೊಂದು. ಇದಕ್ಕೆ ನನ್ನಲ್ಲಿರುವುದು ಕೆಲಸದವನ ಉತ್ತರ. ಕ್ರೇನಿನ ಹಗ್ಗ ದಿನವೂ ಇಡೀ ಭಾರ ಹೊರುತ್ತದೆ. ಅದಕ್ಕಾಗಿ ಯಾರೂ ಅಳುವುದಿಲ್ಲ. ಬೆಳಗ್ಗೆ ಕೆಲಸಕ್ಕೆ ಮೊದಲು ಅದರ ಉದ್ದಕ್ಕೂ ಕಣ್ಣು ಹಾಯಿಸಿ, ಎಳೆ ಬಿಟ್ಟಿದೆಯೇ ಎಂದು ನೋಡುತ್ತಾರೆ, ಅಷ್ಟೆ. ನಿಲ್ಲಿಸೆಂಬ ಸನ್ನೆಯನ್ನು ಸಿಗ್ನಲ್‌ಮ್ಯಾನೇ ಕೊಡಬೇಕೆಂದಿಲ್ಲ, ಸ್ಥಳದಲ್ಲಿರುವ ಯಾರು ಕೊಟ್ಟರೂ ಆಪರೇಟರ್ ನಿಲ್ಲಿಸಬೇಕು ಎಂಬ ನಿಯಮವೂ ನಮ್ಮ ಕೆಲಸದಲ್ಲಿದೆ. ಎತ್ತುವ ಅಧಿಕಾರ ಒಬ್ಬನದು, ನಿಲ್ಲಿಸುವ ಹೊಣೆ ಎಲ್ಲರದು. ಇದಕ್ಕಿಂತ ಒಳ್ಳೆಯ ನೀತಿಶಾಸ್ತ್ರವನ್ನು ನಾನು ಬೇರೆಲ್ಲೂ ಕಲಿತಿಲ್ಲ. ಕಲಿತದ್ದನ್ನು ಒಂದು ಮಧ್ಯಾಹ್ನ ನಡೆಸಿಕೊಳ್ಳಲಿಲ್ಲ.

ಇಕ್ಕ ಹೋದ ಮೇಲೆ ಹಾಲೆ ಮರದ ಚೂರು ಕೆತ್ತಿ ಮೂರು ಆಳುಗಳನ್ನು ಮಾಡಿದೆ. ನಮ್ಮ ಎತ್ತರದ ಮನುಷ್ಯ ಈ ಅಳತೆಯಲ್ಲಿ ಮೂರೂಕಾಲು ಸೆಂಟಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚು. ಒಬ್ಬನನ್ನು ಕ್ಯಾಬಿನಿನಲ್ಲಿ ಕೂರಿಸಿದೆ. ಒಬ್ಬ ಪೈಪಿನ ಕಟ್ಟಿನ ಕೆಳಗೆ ನಡೆಯುತ್ತಿದ್ದಾನೆ. ಮೂರನೆಯವನಿಗೆ ಹಳದಿ ಹೆಲ್ಮೆಟ್ ಬಳಿದು ಎದುರಿಗೆ ನಿಲ್ಲಿಸಿದೆ. ಅವನ ಎರಡೂ ಕೈಗಳನ್ನು ಅಗಲಿಸಿ ಮಾಡಬಹುದಿತ್ತು. ನೋಡಲು ಚೆಂದವಿರುತ್ತಿತ್ತು, ಮನಸ್ಸಿಗೂ ಹಿತವಾಗುತ್ತಿತ್ತು. ಮಾಡಲಿಲ್ಲ. ಓರೆಕಡ್ಡಿಗಳನ್ನು ಎಣಿಸಿ ಹಾಕಿದ ಮೇಲೆ ಕೈಗಳ ವಿಷಯದಲ್ಲಿ ಸುಳ್ಳು ಹೇಳುವುದು ಸರಿಯಲ್ಲ. ಕೈ ಕೆಳಗೇ ಇವೆ.

ತಲಪಾಡಿಯಿಂದ ಈಚೆಗೆ ಹೆದ್ದಾರಿಯನ್ನು ಆರು ಪಥ ಮಾಡುವ ಕೆಲಸ ಆರಂಭವಾದಂದಿನಿಂದ ನನ್ನ ಮೊಮ್ಮಗನಿಗೂ ಕ್ರೇನಿನ ಹುಚ್ಚು. ಮೊನ್ನೆ ಕಪಾಟಿನ ಗಾಜಿಗೆ ಮೂಗು ಒತ್ತಿ ನಿಂತು, “ಅಜ್ಜ, ಈ ಹಳದಿ ಟೊಪ್ಪಿಯವ ಸುಮ್ಮನೆ ಯಾಕೆ ನಿಂತಿದ್ದಾನೆ?” ಎಂದು ಕೇಳಿದ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಕರೀಂನಗರದ ಹುಡುಗನ ಹೆಸರನ್ನೂ ಹೇಳಿದೆ.